ಸ್ಟಾಫ್ ರೂಮಿನ ಮಾಕ್ಯುಮೆಂಟರಿ: ಕ್ಯಾಮೆರಾ ಅರ್ಧ ಸೆಕೆಂಡ್ ತಡವಾಗಿ ತಿರುಗಬೇಕು

ಸರ್ಕಾರಿ ಪ್ರಾಥಮಿಕ ಶಾಲೆಯ ಮೇಷ್ಟ್ರುಗಳ ಕೆಲಸದ ಮೇಲೆ 12 ನಿಮಿಷದ ಮಾಕ್ಯುಮೆಂಟರಿಗೆ, ಅಂದರೆ ಸಾಕ್ಷ್ಯಚಿತ್ರದ ಸೋಗು ಹಾಕಿದ ಹಾಸ್ಯಚಿತ್ರಕ್ಕೆ, ಕೂತಾಗ ನಾವು ಮೊದಲು ಬರೆದದ್ದು ಸಂಭಾಷಣೆಯಲ್ಲ, ಲೆಕ್ಕ. ಶಾಲಾ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಯೋಜನೆಯಲ್ಲಿ ಮಗುವಿಗೆ 18 ಗ್ರಾಂ ಹಾಲಿನ ಪುಡಿ, ಅಂದರೆ 150 ಮಿ.ಲೀ. ಹಾಲು. ಹಾಜರಿ 46 ಇದ್ದರೆ 828 ಗ್ರಾಂ. ಈ ಗುಣಾಕಾರವನ್ನು ಮಿಸ್ ಬೋರ್ಡಿನ ಮೇಲೆ ಗಂಭೀರವಾಗಿ ಮುಗಿಸಿ ಅಡಿಗೆರೆ ಎಳೆಯುವಷ್ಟರಲ್ಲಿ 47ನೆಯ ಮಗು ಬಾಗಿಲಲ್ಲಿ ನಿಂತು “ಒಳಗೆ ಬರ್ಲಾ ಮಿಸ್?” ಅನ್ನುತ್ತದೆ. ಅಷ್ಟೇ ಸೀನು. ಅಂಕಿ ತಪ್ಪಿದರೆ ನೋಡುವ ಶಿಕ್ಷಕರು ತಕ್ಷಣ ಹಿಡಿಯುತ್ತಾರೆ, ಆಮೇಲೆ ಯಾವ ಜೋಕಿಗೂ ನಗುವುದಿಲ್ಲ.

ಸ್ಕ್ರಿಪ್ಟ್ ಪುಟವನ್ನು ಎರಡು ಕಾಲಂ ಮಾಡಿ. ಎಡಕ್ಕೆ ಪಾತ್ರ ಹೇಳುವುದು, ಬಲಕ್ಕೆ ಕ್ಯಾಮೆರಾ ಕಾಣುವುದು. ಎಚ್‌ಎಂ (ಹೆಡ್‌ಮಾಸ್ಟರ್) “ಸ್ಯಾಟ್ಸ್ ಎಂಟ್ರಿ ಎಲ್ಲಾ ಅಪ್‌ಡೇಟ್ ಸರ್” ಅನ್ನುವಾಗ (ಸ್ಯಾಟ್ಸ್ ಅಂದರೆ ಮಕ್ಕಳ ವಿವರ ತುಂಬುವ ಇಲಾಖೆಯ ಆನ್‌ಲೈನ್ ವ್ಯವಸ್ಥೆ) ಕಿಟಕಿಯಾಚೆ ಒಬ್ಬ ಮೇಷ್ಟ್ರು ಸಿಗ್ನಲ್ ಹುಡುಕುತ್ತಾ ನೀರಿನ ಟ್ಯಾಂಕ್ ಹತ್ತುತ್ತಿರಬೇಕು. ಎರಡೂ ಕಾಲಂ ಒಂದೇ ಮಾತು ಹೇಳಿದರೆ ಆ ಸೀನು ಕಿತ್ತುಹಾಕಿ. ಮೇಷ್ಟ್ರನ್ನೇ ಪೆದ್ದ ಮಾಡಿದರೆ ಅದು ಶಾಲಾ ವಾರ್ಷಿಕೋತ್ಸವದ ಸ್ಕಿಟ್. ಕೆಲಸವನ್ನು ಅತಿ ಶ್ರದ್ಧೆಯಿಂದ ಮಾಡುವವರಿಂದಲೇ ನಗು ಹುಟ್ಟುವುದು.

ಕ್ಯಾಮೆರಾಗೆ ಎರಡು ಫೋನು ಸಾಕು. ಸೆಕೆಂಡಿಗೆ ಡಿಫಾಲ್ಟ್ 30 ಫ್ರೇಮ್ ಬಿಟ್ಟು 25ಕ್ಕೆ, ಶಟರ್ 1/50 ಸೆಕೆಂಡಿಗೆ ಇಡಿ. ನಮ್ಮ ಕರೆಂಟು 50 ಹರ್ಟ್ಸ್. ಇಲ್ಲದಿದ್ದರೆ ಹಳೇ ಟ್ಯೂಬ್‌ಲೈಟ್ ಕೆಳಗೆ ಇಡೀ ಕ್ಲಾಸು ಮಿಣುಕುತ್ತದೆ. ಎಕ್ಸ್‌ಪೋಷರ್ (ಕ್ಯಾಮೆರಾ ತೆಗೆದುಕೊಳ್ಳುವ ಬೆಳಕು) ಲಾಕ್ ಮಾಡಿ, ಕಿಟಕಿ ಕಡೆ ತಿರುಗಿದ ಕೂಡಲೇ ಮುಖ ಕಪ್ಪಾಗುವುದು ಅದರಿಂದ ನಿಲ್ಲುತ್ತದೆ. ಚಿಕ್ಕ ತರಗತಿಗಳ ನಲಿಕಲಿ ಕೊಠಡಿಯಲ್ಲಿ ತಲೆಯ ಮೇಲಿನ ಚಪ್ಪರದ ದಾರಕ್ಕೆ ತೂಗುವ ಹಾಳೆಗಳು ಕೋಲಿನ ತುದಿಯ ಬೂಮ್ ಮೈಕಿಗೆ ಸಿಕ್ಕಿಹಾಕಿಕೊಳ್ಳುತ್ತವೆ. ಅಲ್ಲಿ ಕಾಲರ್ ಮೈಕೇ ಗತಿ. ಆದರೆ ಗಂಜಿ ಹಾಕಿದ ಕಾಟನ್ ಸೀರೆಯ ಸೆರಗಿಗೆ ಸಿಕ್ಕಿಸಬೇಡಿ, ಸರಸರ ಸದ್ದನ್ನು ಎಡಿಟಿಂಗ್‌ನಲ್ಲಿ ತೆಗೆಯಲಾಗದು. ಫ್ಯಾನು ಆಫ್. ಹೊರಡುವ ಮೊದಲು ಖಾಲಿ ಕೊಠಡಿಯ ಸದ್ದು 30 ಸೆಕೆಂಡ್ ರೆಕಾರ್ಡ್ ಮಾಡಿಕೊಳ್ಳಿ.

ಎರಡನೇ ಕ್ಯಾಮೆರಾದವರಿಗೆ ಸ್ಕ್ರಿಪ್ಟ್ ಕೊಡಬೇಡಿ. ಯಾರು ಎಲ್ಲಿ ನಿಂತಿರುತ್ತಾರೆ ಅಂತ ಮಾತ್ರ ಹೇಳಿ. ಮಾತು ಕೇಳಿಸಿದ ಮೇಲೆ ತಿರುಗುವುದರಿಂದ ಅರ್ಧ ಸೆಕೆಂಡ್ ತಡವಾಗುತ್ತದೆ, ಆ ತಡವೇ ‘ಇದು ನಿಜ’ ಅನ್ನಿಸುವುದು. ಐದರಲ್ಲಿ ಎರಡು ಶಾಟು ಹಾಳಾಗುತ್ತದೆ, ಆಗಲಿ.

ಕ್ಯಾಮೆರಾ ಕಡೆ ನೋಟ ಒಂದು ಪಾತ್ರಕ್ಕೆ ಎರಡೇ ಸಲ. ಹೊಸ ನಟರು ಪ್ರತಿ ಜೋಕಿಗೂ ಲೆನ್ಸ್ ನೋಡುತ್ತಾರೆ, ನಾಲ್ಕನೇ ಸಲಕ್ಕೆ ಅದು ಸತ್ತುಹೋಗುತ್ತದೆ. ಸಂದರ್ಶನದಲ್ಲಿ ಒಂದೇ ಪ್ರಶ್ನೆ ಮೂರು ಸಲ ಕೇಳಿ. ರೇಗಿದ ಮೂರನೇ ಉತ್ತರವೇ ಬಳಕೆಗೆ ಬರುವುದು. “ಎಲೆಕ್ಷನ್ ಡ್ಯೂಟಿ ಇದ್ದಾಗ ಪಾಠ ಯಾರು ಮಾಡ್ತಾರೆ?” ಅಂದರೆ ಮೊದಲೆರಡು ಸಲ ವಿವರಣೆ, ಮೂರನೇ ಸಲ ಬರೀ “ಹ್ಞೂಂ”. ಉತ್ತರದ ನಂತರ ಎರಡು ಸೆಕೆಂಡ್ ಮೌನ ಬಿಟ್ಟು ಕತ್ತರಿಸಿ.

ಝೂಮನ್ನು ಫೋನಿನಲ್ಲಿ ಮಾಡಬೇಡಿ, ಎಡಿಟಿಂಗ್‌ನಲ್ಲಿ ಮಾಡಿ. 4ಕೆಯಲ್ಲಿ ಶೂಟ್ ಮಾಡಿ 1080ರ ಟೈಮ್‌ಲೈನಿಗೆ ಹಾಕಿದರೆ ಎರಡು ಪಟ್ಟು ಹತ್ತಿರ ಹೋದರೂ ಚಿತ್ರ ಒಡೆಯುವುದಿಲ್ಲ. ಝೂಮು 8–10 ಫ್ರೇಮಿನಲ್ಲಿ ನುಗ್ಗಿ, ಬೇಕಾದ್ದಕ್ಕಿಂತ ಸ್ವಲ್ಪ ಮುಂದೆ ಹೋಗಿ, ಮತ್ತೆ ಹಿಂದೆ ಸರಿಯಲಿ. ನುಣುಪಾಗಿ ಸರಿದರೆ ಮದುವೆ ವಿಡಿಯೋ ಆಗುತ್ತದೆ.

ಬೋರ್ಡಿನ ದಿನಾಂಕ, ‘ಒಟ್ಟು–ಹಾಜರು’ ಅಂಕಿಗಳ ಫೋಟೋ ಪ್ರತಿ ಶಾಟಿಗೂ ತೆಗೆದಿಡಿ, ಯಾರೋ ಒಬ್ಬರು ಅಳಿಸಿಯೇ ಅಳಿಸುತ್ತಾರೆ. ಮಕ್ಕಳಿದ್ದರೆ ಪೋಷಕರ ಸಹಿ, ಇಲಾಖೆಯ ಅನುಮತಿ ಮೊದಲೇ ಕೈಯಲ್ಲಿರಲಿ. ಭಾನುವಾರ ಶೂಟ್ ಮಾಡುವುದಾದರೆ ಶನಿವಾರವೇ ಹೇಳಿಬಿಡಿ, ಯೂನಿಫಾರ್ಮ್ ಒಗೆಯಲು ಹಾಕಬೇಡಿ ಅಂತ.