ಟೂಲ್ಸ್ ಹುಡುಗಿಯರ ಕೈಯಲ್ಲೇ ಇರಲಿ

ಶಾಲೆ ಬಿಟ್ಟ ಮೇಲೆ ಹುಡುಗಿಯರಿಗಾಗಿ ನಾನು ಎಲೆಕ್ಟ್ರಾನಿಕ್ಸ್ ಮತ್ತು ಕೋಡಿಂಗ್ ಕ್ಲಬ್ ನಡೆಸುತ್ತೇನೆ. ಅಲ್ಲಿ ಪಾಠ ಕಡಿಮೆ, ಕೈಕೆಲಸ ಜಾಸ್ತಿ. ಬೆಲ್ ಹೊಡೆದ ಮೇಲೂ ಕೂರಿಸಿ ಇನ್ನೊಂದು ಪಾಠ ಮಾಡಿದರೆ ಯಾರು ತಾನೇ ಬರುತ್ತಾರೆ?

ಹುಡುಗರು, ಹುಡುಗಿಯರು ಒಟ್ಟಿಗಿರುವ ಲ್ಯಾಬ್‌ಗಳಲ್ಲಿ ಒಂದನ್ನು ಮತ್ತೆ ಮತ್ತೆ ಕಂಡಿದ್ದೇನೆ. ವೈರ್ ಜೋಡಿಸುವವನು ಹುಡುಗ, ರೀಡಿಂಗ್ ಬರೆದುಕೊಳ್ಳುವವಳು ಹುಡುಗಿ. ಯಾರೂ ಹಾಗೆ ಮಾಡಿ ಅಂದಿರುವುದಿಲ್ಲ. ಅವಳ ಅಕ್ಷರ ದುಂಡಗಿದೆ ಅಂತ ನೋಟ್‌ಬುಕ್ ಅವಳ ಮುಂದೆ ಬಂದು ಕೂರುತ್ತದೆ, ಅಷ್ಟೇ. ಹಾಗಾಗಿ ನಮ್ಮಲ್ಲಿ ಇಬ್ಬರಿಗೆ ಒಂದು ಕಿಟ್ ಕೊಡುತ್ತೇನೆ. ಅರ್ಧ ಹೊತ್ತಿಗೆ ಕೆಲಸ ಅದಲುಬದಲು. ನನಗೂ ಒಂದು ನಿಯಮವಿದೆ: ಅವರ ಸರ್ಕ್ಯೂಟ್‌ಗೆ ನಾನು ಕೈ ಹಾಕುವುದಿಲ್ಲ.

ಇದು ಸುಲಭವಲ್ಲ. "ಮೇಡಂ, ಎಲ್‌ಇಡಿ ಹತ್ತುತ್ತಿಲ್ಲ" ಅಂದಾಗ ತಿರುಗಿಸಿ ಹಾಕುವುದು ನನಗೆ ಒಂದು ಕ್ಷಣದ ಕೆಲಸ. ಆ ಪುಟ್ಟ ದೀಪದ ಎರಡು ಕಾಲುಗಳಲ್ಲಿ ಉದ್ದನೆಯದು ಪ್ಲಸ್‌ಗೆ ಹೋಗಬೇಕು, ಅಷ್ಟೇ ತಾನೆ. ಆದರೆ ನಾನು ಮಲ್ಟಿಮೀಟರ್ ಕೊಟ್ಟು, "ವೋಲ್ಟೇಜ್ ಎಲ್ಲಿಯವರೆಗೆ ಬಂದಿದೆ ನೋಡಮ್ಮ" ಅನ್ನುತ್ತೇನೆ. ದೋಷವನ್ನು ತಾನೇ ಹಿಡಿದ ಹುಡುಗಿ ಮುಂದಿನ ಸಲ ನನ್ನನ್ನು ಕರೆಯುವ ಮೊದಲು ಮೀಟರ್ ತೆಗೆದುಕೊಳ್ಳುತ್ತಾಳೆ.

ನಮ್ಮ ಕ್ಲಬ್‌ನಲ್ಲಿ ತುಂಬಾ ಕಲಿಸಿದ ಪ್ರಾಜೆಕ್ಟ್ ಎಂದರೆ ಗಿಡದ ಮಣ್ಣಿನ ತೇವ ಅಳೆಯುವುದು. ಒಂದು ಮೈಕ್ರೋಬಿಟ್ ಬೋರ್ಡ್ (ಮಕ್ಕಳು ಕೋಡ್ ಬರೆದು ನಡೆಸುವ ಪುಟ್ಟ ಕಂಪ್ಯೂಟರ್), ಎರಡು ಕಬ್ಬಿಣದ ಮೊಳೆ ಸಾಕು. ಒಂದು ಮೊಳೆಗೆ 3 ವೋಲ್ಟ್, ಇನ್ನೊಂದು ಬೋರ್ಡಿನ ಅನಲಾಗ್ ಪಿನ್‌ಗೆ, ಅಂದರೆ ವೋಲ್ಟೇಜ್ ಎಷ್ಟಿದೆ ಅಂತ ಅಂಕಿಯಲ್ಲಿ ಓದುವ ಪಿನ್‌ಗೆ. ಒದ್ದೆ ಮಣ್ಣಿನಲ್ಲಿ ಕರೆಂಟ್ ಸುಲಭವಾಗಿ ಹರಿಯುತ್ತದೆ, 0ಯಿಂದ 1023ರೊಳಗಿನ ರೀಡಿಂಗ್ ಏರುತ್ತದೆ. ಮಣ್ಣು ಒಣಗಿದರೆ ಇಳಿಯುತ್ತದೆ. ಮೊದಮೊದಲು ಎಲ್ಲ ಸರಿಯಿತ್ತು. ಆಮೇಲೆ ಅಷ್ಟೇ ನೀರು ಹಾಕಿದರೂ ರೀಡಿಂಗ್ ಬೇರೆ ಬರತೊಡಗಿತು. ಹುಡುಗಿಯರು ಕೋಡ್ ನೋಡಿದರು, ವೈರ್ ಬದಲಿಸಿದರು. ಕೊನೆಗೆ ಮೊಳೆಗಳನ್ನೇ ಕಿತ್ತು ನೋಡಿದರೆ, ಪ್ಲಸ್ ಕಡೆಯ ಮೊಳೆ ಮಾತ್ರ ಚೆನ್ನಾಗಿ ಸವೆದಿದೆ! ಇಡೀ ದಿನ ಒಂದೇ ದಿಕ್ಕಿಗೆ ಕರೆಂಟ್ ಹರಿದರೆ ಹಾಗಾಗುತ್ತದೆ. ಪುಸ್ತಕದಲ್ಲಿ ಓದಿದ್ದ ಎಲೆಕ್ಟ್ರಾಲಿಸಿಸ್ (ಕರೆಂಟ್‌ನಿಂದ ಆಗುವ ರಾಸಾಯನಿಕ ಬದಲಾವಣೆ) ಇದೇ ಅಂತ ಅವರಲ್ಲೇ ಒಬ್ಬಳು ಹೇಳಿದಳು. ಪರಿಹಾರವನ್ನೂ ಅವರೇ ಕಂಡುಕೊಂಡರು: ಆ ಮೊಳೆಯನ್ನು ಇನ್ನೊಂದು ಪಿನ್‌ಗೆ ಜೋಡಿಸಿ, ಅಳೆಯುವಾಗ ಮಾತ್ರ ಆನ್ ಮಾಡುವುದು. ಅವತ್ತಿನ ಸಂಭ್ರಮ ನಾನು ಮರೆಯುವುದಿಲ್ಲ.

ಇಂಥ ಹೊತ್ತಿನಲ್ಲಿ ಎನಿಯಾಕ್ ಎಂಬ ಅಮೆರಿಕದ ಹಳೆಯ ಕಂಪ್ಯೂಟರ್‌ನ ಕಥೆ ಹೇಳುತ್ತೇನೆ. 1946ರಲ್ಲಿ ಜನರೆದುರು ಬಂದ ಆ ಕಂಪ್ಯೂಟರ್‌ಗೆ ಪ್ರೋಗ್ರಾಂ ಮಾಡಿದ್ದು ಆರು ಹೆಂಗಸರು. ಕೈಪಿಡಿ ಇರಲಿಲ್ಲ. ನಕ್ಷೆಗಳನ್ನು ಓದಿ, ಕೇಬಲ್ ಜೋಡಿಸಿ, ಸ್ವಿಚ್ ತಿರುಗಿಸಿ ಕಲಿತರು. ಬಲ್ಬಿನಂತೆ ಕಾಣುವ ಸುಮಾರು 18,000 ವ್ಯಾಕ್ಯೂಮ್ ಟ್ಯೂಬ್‌ಗಳ ಯಂತ್ರದಲ್ಲಿ ದೋಷ ಎಲ್ಲಿದೆ ಅಂತ ಹುಡುಕುವುದನ್ನೂ ಕಲಿತರು. ಬರೀ ಇಂಥ ಹೆಂಗಸರ ಹೆಸರುಗಳ ಪಟ್ಟಿ ಹೇಳಿದರೆ ಮಕ್ಕಳು ಸುಮ್ನೆ ಕೇಳುತ್ತಾರೆ. ಮೊಳೆ ಕಿತ್ತು ನೋಡಿದ ದಿನ ಹೇಳಿದರೆ ಮನಸ್ಸಿಗೆ ನಾಟುತ್ತದೆ.

ಕ್ಲಬ್ ಶುರು ಮಾಡುವವರು ಕಿಟ್‌ಗಿಂತ ಮೊದಲು ಹುಡುಗಿಯರು ಮನೆಗೆ ಹೋಗುವ ದಾರಿ ಯೋಚಿಸಿ. ಕತ್ತಲಾಗುವ ಮುಂಚೆ ಮುಗಿಸಿ, ಮುಗಿಯುವ ಹೊತ್ತನ್ನು ಮನೆಯವರಿಗೆ ಮೊದಲೇ ಹೇಳಿಬಿಡಿ. ತಮ್ಮ ತಂಗಿಯರನ್ನು ನೋಡಿಕೊಳ್ಳಬೇಕಾದ ಹುಡುಗಿ ಅವರನ್ನೂ ಕರೆತರಲಿ. ನಮ್ಮಲ್ಲಿ ಚಿಕ್ಕವರಿಗೆ ಬಿಚ್ಚಿ ನೋಡಲು ಹಳೆಯ ಕೀಬೋರ್ಡ್ ಇಟ್ಟಿದ್ದೇವೆ.