ನಮ್ಮ ಗಾಡಿಯಲ್ಲೇ ಅರೂಷಾಗೆ: ನಮಂಗಾ ಗಡಿ ದಾಟುವವರಿಗೆ ಒಂದಿಷ್ಟು ಮಾತು

ನೈರೋಬಿಗೆ ಬಂದು ಆರೇಳು ತಿಂಗಳಾದ ಮೇಲೆ ನಮ್ಮವರಲ್ಲಿ ಒಬ್ಬರಾದರೂ ಊಟಕ್ಕೆ ಕೂತಾಗ ಈ ಮಾತು ತೆಗೆಯುತ್ತಾರೆ: "ಅಕ್ಕಾ, ಮಕ್ಕಳಿಗೆ ರಜೆ ಬಂತು. ಅರೂಷಾಗೆ ನಮ್ಮ ಗಾಡಿಯಲ್ಲೇ ಹೋಗಿ ಬರಬಹುದಾ?"

ಧಾರಾಳವಾಗಿ ಹೋಗಬಹುದು. ಕೀನ್ಯಾ ಮತ್ತು ಟಾಂಜಾನಿಯಾ ನಡುವಿನ ನಮಂಗಾ ಗಡಿ ಇಲ್ಲಿಂದ ಸುಮಾರು 160 ಕಿ.ಮೀ., ಅಲ್ಲಿಂದ ಟಾಂಜಾನಿಯಾದ ಅರೂಷಾ ಇನ್ನೊಂದು 110. ರಸ್ತೆ ಚೆನ್ನಾಗಿದೆ. ಕೀನ್ಯಾದಲ್ಲೂ ಟಾಂಜಾನಿಯಾದಲ್ಲೂ ಊರಿನ ಹಾಗೆ ಎಡಗಡೆಯೇ ಓಡಿಸುವುದು. ಇಷ್ಟು ಕೇಳಿದ ಕೂಡಲೇ ಎಲ್ಲರಿಗೂ ಅತ್ತಿಬೆಲೆ ದಾಟಿ ಹೊಸೂರಿಗೆ ಹೋದ ಹಾಗೆ ಅನಿಸಿಬಿಡುತ್ತದೆ. ಬಿಳಿ ಬೋರ್ಡಿನ ಕಾರನ್ನು ಅಲ್ಲಿ ಯಾರೂ ನಿಲ್ಲಿಸಿ ಕೇಳುವುದಿಲ್ಲ ನೋಡಿ, ಆ ಅಭ್ಯಾಸ. ಇಲ್ಲಿ ಹಾಗಲ್ಲ. ನಿಮ್ಮ ಪಾಸ್‌ಪೋರ್ಟಿಗೆ ಠಸ್ಸೆ ಬಿದ್ದರೆ ನಿಮ್ಮ ಕೆಲಸ ಮುಗಿಯಿತು. ಗಾಡಿ ಮಾತ್ರ ಕಸ್ಟಮ್ಸ್‌ನವರ ಕಣ್ಣಿಗೆ ಒಂದು ಸರಕು. ಅದು ಒಳಗೆ ಹೋಗಿ ಅಲ್ಲೇ ಮಾರಾಟವಾಗಿಬಿಟ್ಟರೆ ಅವರಿಗೆ ಬರಬೇಕಾದ ಸುಂಕ ತಪ್ಪಿತಲ್ಲ. ಅದಕ್ಕೇ "ಈ ಗಾಡಿ ಬಂದಿದೆ, ಇಂಥ ದಿನದೊಳಗೆ ವಾಪಸ್ ಹೋಗುತ್ತದೆ" ಅಂತ ಬರೆಸಿಕೊಳ್ಳದೆ ಬಿಡುವುದಿಲ್ಲ. ಗಡಿಯಲ್ಲಿ ಹೊತ್ತು ಹೋಗುವುದೆಲ್ಲ ಗಾಡಿಯ ಕಾಗದಕ್ಕೇ.

ಇದು ನಮಗೆ ಗೊತ್ತಾಗಿದ್ದು ಮೊದಲನೇ ಸಲ ಹೋಗಿ ಅರೂಷಾ ಮುಟ್ಟದೆ ವಾಪಸ್ ಬಂದಾಗ. ಪಾಸ್‌ಪೋರ್ಟು, ವೀಸಾ, ಮಕ್ಕಳ ಟೋಪಿ, ವಾಂತಿ ಮಾತ್ರೆ, ಎಲ್ಲ ಜೋಡಿಸಿದ್ದೆ. ಗಾಡಿಯದ್ದು ನಮ್ಮೆಜಮಾನರ ಜವಾಬ್ದಾರಿ. ಅವರು ಲಾಗ್‌ಬುಕ್ಕಿನ ಜೆರಾಕ್ಸ್ ಒಂದನ್ನು ಮಡಚಿ ಜೇಬಿನಲ್ಲಿಟ್ಟಿದ್ದರು. ಲಾಗ್‌ಬುಕ್ ಅಂದರೆ ನಮ್ಮ ಆರ್‌ಸಿ ಬುಕ್ಕು. ಗಾಡಿ ತೆಗೆದುಕೊಂಡಿದ್ದು ಸಾಲದಲ್ಲಿ. ಸಾಲದ ಗಾಡಿಯಾದರೆ ಲಾಗ್‌ಬುಕ್ಕಿನಲ್ಲಿ ನಿಮ್ಮ ಹೆಸರಿನ ಜೊತೆಗೆ ಬ್ಯಾಂಕಿನ ಹೆಸರೂ ಇರುತ್ತದೆ. ಕೌಂಟರಿನಲ್ಲಿದ್ದ ಹೆಣ್ಣುಮಗಳು ಆ ಎರಡನೇ ಹೆಸರಿನ ಮೇಲೆ ಬೆರಳಿಟ್ಟು, "ಇವರ ಪತ್ರ ಎಲ್ಲಿ?" ಅಂತ ಕೇಳಿದಳು. ಗಾಡಿ ದೇಶ ಬಿಟ್ಟು ಹೋಗಲು ಅದರ ಅರ್ಧ ಮಾಲೀಕರು ಒಪ್ಪಿದ್ದಾರೆ ಅನ್ನುವುದಕ್ಕೆ ಏನು ಆಧಾರ, ಅಲ್ವಾ? ಅವಳು ಕೇಳಿದ್ದು ನ್ಯಾಯವೇ. ಶನಿವಾರ ಮಧ್ಯಾಹ್ನ, ಬ್ಯಾಂಕು ಬಾಗಿಲು ಹಾಕಿತ್ತು. ಒಂದು ಜಾಲಿ ಮರದ ಕೆಳಗೆ ಗಾಡಿ ನಿಲ್ಲಿಸಿ ಅರೂಷಾದಲ್ಲಿ ತಿನ್ನಬೇಕೆಂದಿದ್ದ ಪುಳಿಯೋಗರೆಯನ್ನು ಅಲ್ಲೇ ತಿಂದು ತಿರುಗಿ ಬಂದೆವು. ಕಜಿಯಾಡೋ ದಾಟುವವರೆಗೆ ನಾನೂ ಮಾತಾಡಲಿಲ್ಲ, ಅವರೂ ಮಾತಾಡಲಿಲ್ಲ. ಅಂದಿನಿಂದ ಗಾಡಿಯ ಕಾಗದವೂ ನನ್ನ ಕೈಗೇ ಬಂತು.

ಹಾಗಾಗಿ ಮೊದಲು ಲಾಗ್‌ಬುಕ್ ತೆಗೆದು ಅದರಲ್ಲಿ ಯಾರ ಹೆಸರಿದೆ ನೋಡಿ. ನಿಮ್ಮೊಬ್ಬರದೇ ಆದರೆ ಚಿಂತೆಯಿಲ್ಲ. ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರ ಬೇಕು. ಕಂಪನಿ ಗಾಡಿಯಾದರೆ ಲೆಟರ್‌ಹೆಡ್ಡಿನ ಮೇಲೆ ಸೀಲು, ಸಹಿ ಇರುವ ಪತ್ರ. ಸ್ನೇಹಿತರ ಗಾಡಿಯಾದರೆ ಅವರು ಬರೆದುಕೊಟ್ಟ ಒಪ್ಪಿಗೆ ಮತ್ತು ಅವರ ಗುರುತಿನ ಚೀಟಿಯ ಪ್ರತಿ. ಪತ್ರದಲ್ಲಿ ಗಾಡಿ ನಂಬರು, ಓಡಿಸುವವರ ಹೆಸರು, ಹೋಗುವ ದೇಶ, ತಾರೀಖು ಎಲ್ಲ ಇರಲಿ. ಒಂದೆರಡು ವಾರ ಮುಂಚೆಯೇ ಕೇಳಿ. ಗಾಡಿಯಲ್ಲಿ ಟ್ರ್ಯಾಕರ್ ಇದ್ದರೆ ಆ ಕಂಪನಿಗೂ ಒಂದು ಮಾತು ಹೇಳಿಡಿ.

ಇನ್ನು ಹಳದಿ ಕಾರ್ಡಿನ ಗೊಂದಲ. ಹೊಸಬರು ತಪ್ಪದೆ ಎಡವುವ ಜಾಗ ಇದು. ಇಲ್ಲಿ "ಯೆಲ್ಲೋ ಕಾರ್ಡ್" ಅಂದರೆ ಎರಡು ಇವೆ. ಒಂದು ಮನುಷ್ಯರದ್ದು, ಯೆಲ್ಲೋ ಫೀವರ್ ಲಸಿಕೆಯ ಪುಟ್ಟ ಪುಸ್ತಕ. ಆಫ್ರಿಕಾಕ್ಕೆ ಹೊರಡುವಾಗ ಊರಿನಲ್ಲೇ ಹಾಕಿಸಿಕೊಂಡಿರುತ್ತೀರಿ. 2016ರಿಂದ ಇದು ಜೀವನಪರ್ಯಂತ ನಡೆಯುತ್ತದೆ, ಹತ್ತು ವರ್ಷ ಆಯಿತು ಅಂತ ಮತ್ತೆ ಚುಚ್ಚಿಸಿಕೊಳ್ಳಬೇಕಾಗಿಲ್ಲ. ಹೊಸದಾಗಿ ಹಾಕಿಸಿಕೊಂಡರೆ ಮಾತ್ರ ಹತ್ತು ದಿನ ಕಳೆದ ಮೇಲೆ ಲೆಕ್ಕಕ್ಕೆ ಬರುತ್ತದೆ. ಕೀನ್ಯಾದಿಂದ ಬರುವವರ ಹತ್ತಿರ ಟಾಂಜಾನಿಯಾದಲ್ಲಿ ಇದನ್ನು ಕೇಳುತ್ತಾರೆ. ಇಲ್ಲಿಂದ ಊರಿಗೆ ಹೋದರೆ ಅಲ್ಲೂ ಕೇಳುತ್ತಾರೆ, ಅದಕ್ಕೇ ಪಾಸ್‌ಪೋರ್ಟಿನ ಜೊತೆಗೇ ಇಟ್ಟುಬಿಡಿ.

ಇನ್ನೊಂದು ಗಾಡಿಯದ್ದು, ಕಾಮೆಸಾ ಯೆಲ್ಲೋ ಕಾರ್ಡ್. ಕಾಮೆಸಾ ಅಂದರೆ ಪೂರ್ವ ಮತ್ತು ದಕ್ಷಿಣ ಆಫ್ರಿಕಾದ ದೇಶಗಳ ವ್ಯಾಪಾರ ಕೂಟ. ಇದು ವಿಮೆ. ನಿಮ್ಮ ಕೀನ್ಯಾ ವಿಮೆ ಗಡಿಯ ಆಚೆ ತಾನಾಗಿಯೇ ನಡೆಯುವುದಿಲ್ಲ. ನಿಮ್ಮ ವಿಮಾ ಕಂಪನಿಯವರಿಗೆ ಹೇಳಿದರೆ ಹೋಗುವ ದಿನಗಳಿಗೆ ತಕ್ಕ ಹಾಗೆ ಕಾರ್ಡ್ ಮಾಡಿಕೊಡುತ್ತಾರೆ. ಟಾಂಜಾನಿಯಾ ಕಾಮೆಸಾ ಕೂಟ ಬಿಟ್ಟು ಎಷ್ಟೋ ವರ್ಷವಾಯಿತು, ಆದರೂ ಈ ಕಾರ್ಡಿನ ವ್ಯವಸ್ಥೆಯಲ್ಲಿ ಉಳಿದುಕೊಂಡಿದೆ. ಒಂದು ಮಾತು ಗಟ್ಟಿಯಾಗಿ ನೆನಪಿಡಿ: ಇದು ಮುಖ್ಯವಾಗಿ ಎದುರಿನವರಿಗೆ ಆದ ನಷ್ಟಕ್ಕೆ. ನಿಮ್ಮ ಗಾಡಿಯ ಬಂಪರು ಹೋದರೆ ಇದು ಕೊಡುವುದಿಲ್ಲ. ಅದಕ್ಕೆ ನಿಮ್ಮ ಕಾಂಪ್ರಹೆನ್ಸಿವ್ ಪಾಲಿಸಿಯನ್ನು ಟಾಂಜಾನಿಯಾಕ್ಕೂ ವಿಸ್ತರಿಸಿ, ಬರಹದಲ್ಲಿ ತೆಗೆದುಕೊಳ್ಳಿ. ಫೋನಿನಲ್ಲಿ "ಆಯ್ತು, ಕವರ್ ಇದೆ" ಅಂದಿದ್ದು ಲೆಕ್ಕಕ್ಕಿಲ್ಲ.

ವೀಸಾ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಕೀನ್ಯಾದಲ್ಲಿ ವರ್ಕ್ ಪರ್ಮಿಟ್ ಇದ್ದರೂ ನಮ್ಮದು ಭಾರತದ ಪಾಸ್‌ಪೋರ್ಟು, ಟಾಂಜಾನಿಯಾ ವೀಸಾ ಬೇಕೇ ಬೇಕು. ಒಂದು ಸಲ ಹೋಗಿಬರುವ ಮಾಮೂಲಿ ವೀಸಾಕ್ಕೆ 50 ಡಾಲರ್. ಆನ್‌ಲೈನಿನಲ್ಲಿ ಮುಂಚೆಯೇ ಮಾಡಿಸಿ, ಕಾಗದದ ಮೇಲೆ ಪ್ರಿಂಟ್ ಇಟ್ಟುಕೊಳ್ಳಿ. ಈಸ್ಟ್ ಆಫ್ರಿಕಾ ಟೂರಿಸ್ಟ್ ವೀಸಾ ಅನ್ನೋ ಹೆಸರು ನೋಡಿ ಮೋಸ ಹೋಗಬೇಡಿ. ಅದು ಕೀನ್ಯಾ, ಉಗಾಂಡಾ, ರುವಾಂಡಾ ಮೂರಕ್ಕೇ, ಟಾಂಜಾನಿಯಾ ಅದರಲ್ಲಿಲ್ಲ. ನಿಮ್ಮ ಪರ್ಮಿಟ್ ಇನ್ನೂ ಕೈಗೆ ಬಂದಿಲ್ಲ, ಅರ್ಜಿ ಹಾಕಿದ್ದೀರಿ ಅಷ್ಟೇ ಅನ್ನುವುದಾದರೆ ಈ ರಜೆ ಕೀನ್ಯಾದೊಳಗಿನ ನೈವಾಷಾದಲ್ಲೇ ಕಳೆಯಿರಿ. ಊರಿನಿಂದ ಬಂದಿರುವ ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗುವುದಾದರೆ ಅವರು ಕೀನ್ಯಾಕ್ಕೆ ಮರಳಿ ಬರಲು ಏನು ಬೇಕು ಅನ್ನುವುದನ್ನು ಹೊರಡುವ ಮುಂಚೆಯೇ ವಿಚಾರಿಸಿ. ಹೋಗುವುದು ಸುಲಭ, ವಾಪಸ್ ಬರುವಾಗ ಅವರೊಬ್ಬರೇ ಆ ಕಡೆ ಉಳಿದುಬಿಟ್ಟರೆ ಕಷ್ಟ.

ಈಗ ಗಡಿ. ಬೆಳಿಗ್ಗೆ ಐದೂವರೆಗೆಲ್ಲ ಮನೆ ಬಿಡಿ. ಕಿಟೆಂಗೆಲಾದ ಟ್ರಾಫಿಕ್ಕಿಗೆ ಸಿಕ್ಕಿಕೊಂಡರೆ ಅರ್ಧ ಬೆಳಿಗ್ಗೆ ಅಲ್ಲೇ ಕಳೆಯುತ್ತದೆ. ಇಸಿನ್ಯಾ, ಕಜಿಯಾಡೋ, ಬಿಸಿಲ್ ದಾಟುತ್ತಾ ಹೋದ ಹಾಗೆ ಮನೆಗಳು ಕಮ್ಮಿಯಾಗಿ ಕುರುಚಲು ಕಾಡು ಶುರುವಾಗುತ್ತದೆ. ಮುಂದೆ ಒಂದು ದೊಡ್ಡ ಕಪ್ಪು ಬೆಟ್ಟ ಕಾಣಿಸಿತು ಅಂದರೆ ನಮಂಗಾ ಬಂತು ಅಂತ ಲೆಕ್ಕ. ಅಲ್ಲಿನ ಮಸಾಯಿ ಜನರ ಭಾಷೆಯಲ್ಲಿ ಅದರ ಹೆಸರು ಓಲ್ ಡೊಯಿನ್ಯೊ ಒರೊಕ್, ಕಪ್ಪು ಬೆಟ್ಟ ಅಂತಲೇ ಅರ್ಥ.

ಮೊದಲೆಲ್ಲ ಕೀನ್ಯಾದ ಕಟ್ಟಡದಲ್ಲಿ ಒಂದು ಸರದಿ, ಮತ್ತೆ ಆಚೆ ಹೋಗಿ ಟಾಂಜಾನಿಯಾದ ಕಟ್ಟಡದಲ್ಲಿ ಇನ್ನೊಂದು ಸರದಿ ನಿಲ್ಲಬೇಕಿತ್ತು. 2018ರ ಡಿಸೆಂಬರಿನಲ್ಲಿ ಆಗಿನ ಇಬ್ಬರು ಅಧ್ಯಕ್ಷರು, ಕೀನ್ಯಾದ ಉಹುರು ಕೆನ್ಯಾಟಾ ಮತ್ತು ಟಾಂಜಾನಿಯಾದ ಜಾನ್ ಮಗುಫುಲಿ, ಸೇರಿ ಹೊಸ ಏಕ ನಿಲುಗಡೆ ಠಾಣೆಯನ್ನು ಉದ್ಘಾಟಿಸಿದರು. ಈಗ ಎರಡೂ ದೇಶದ ಅಧಿಕಾರಿಗಳು ಒಂದೇ ಸೂರಿನಡಿ ಕೂರುತ್ತಾರೆ. ಹೋಗುವಾಗ ಟಾಂಜಾನಿಯಾ ಕಡೆಯ ಕಟ್ಟಡದಲ್ಲಿ, ಬರುವಾಗ ಕೀನ್ಯಾ ಕಡೆಯದರಲ್ಲಿ ಇಳಿಯಬೇಕು. ಹೊಸಬರು ಕೀನ್ಯಾ ಕಟ್ಟಡದ ಮುಂದೆ ನಿಲ್ಲಿಸಿಕೊಂಡು "ಎಕ್ಸಿಟ್ ಠಸ್ಸೆ ಎಲ್ಲಿ?" ಅಂತ ಹುಡುಕುತ್ತಾರೆ. ಸುಮ್ನೆ ಮುಂದೆ ಹೋಗಿ.

ಗಾಡಿ ನಿಲ್ಲಿಸುವ ಮುಂಚೆಯೇ ಕೊರಳಿಗೆ ಐಡಿ ಕಾರ್ಡು ನೇತುಹಾಕಿಕೊಂಡ ಹುಡುಗರು ಕಿಟಕಿಗೆ ಬರುತ್ತಾರೆ. "ಬಾಸ್, ಪೇಪರ್ ಕೊಡಿ, ಐದು ನಿಮಿಷ." ಕೆಲವರು ನಿಜವಾದ ಏಜೆಂಟರೇ, ಆದರೆ ಯಾರು ಹೌದು ಯಾರು ಅಲ್ಲ ಅಂತ ಕಿಟಕಿಯಿಂದ ಗೊತ್ತಾಗುವುದಿಲ್ಲ. ಪಾಸ್‌ಪೋರ್ಟನ್ನೂ ಲಾಗ್‌ಬುಕ್ಕನ್ನೂ ಕೌಂಟರಿನ ಒಳಗೆ ಕೂತವರನ್ನು ಬಿಟ್ಟು ಬೇರೆ ಯಾರ ಕೈಗೂ ಕೊಡಬೇಡಿ. ದುಡ್ಡು ಬದಲಿಸುವವರೂ ಬರುತ್ತಾರೆ. ನಿಮ್ಮ ಕಣ್ಣ ಮುಂದೆಯೇ ಎಣಿಸಿ ಮಡಚಿ ಕೊಡುವಾಗ ನಾಲ್ಕು ನೋಟು ಒಳಗೆ ಎಳೆದುಕೊಳ್ಳುವ ಕೈಚಳಕ ಅವರಿಗಿದೆ. ಟಾಂಜಾನಿಯಾ ಶಿಲಿಂಗಿನಲ್ಲಿ ಸೊನ್ನೆಗಳು ಜಾಸ್ತಿ, ಗಾಬರಿಯಲ್ಲಿ ಲೆಕ್ಕ ತಪ್ಪುತ್ತದೆ. ಬ್ಯಾಂಕಿನಲ್ಲೋ ಎಟಿಎಮ್ಮಿನಲ್ಲೋ ತೆಗೆಯಿರಿ.

ಒಳಗೆ ಮೊದಲು ಆರೋಗ್ಯದವರು ಲಸಿಕೆಯ ಪುಸ್ತಕ ನೋಡುತ್ತಾರೆ. ಆಮೇಲೆ ಕೀನ್ಯಾ ಇಮಿಗ್ರೇಷನ್ ಠಸ್ಸೆ, ಟಾಂಜಾನಿಯಾ ಇಮಿಗ್ರೇಷನ್ ಠಸ್ಸೆ. ಇದೆಲ್ಲ ಬೇಗ ಆಗುತ್ತದೆ. ನಂತರ ಕಸ್ಟಮ್ಸ್. ಕೀನ್ಯಾದವರು ಗಾಡಿ ಹೊರಗೆ ಹೋಯಿತು ಅಂತ ದಾಖಲಿಸಬೇಕು, ಟಾಂಜಾನಿಯಾದವರು ತಾತ್ಕಾಲಿಕ ಆಮದು ಪರವಾನಗಿ ಕೊಡಬೇಕು. ಕೊಟ್ಟ ಹಾಳೆಯನ್ನು ಕೌಂಟರ್ ಬಿಡುವ ಮುಂಚೆಯೇ ಓದಿ. ನಂಬರ್ ಪ್ಲೇಟು ಎಲ್ಲರೂ ನೋಡುತ್ತಾರೆ. ಚಾಸಿ ನಂಬರು, ಎಂಜಿನ್ ನಂಬರು ಒಂದೊಂದೇ ಅಕ್ಷರ ಬೆರಳಿಟ್ಟು ನೋಡಿ. ನನಗೆ ಒಮ್ಮೆ 8 ಇರಬೇಕಾದ ಕಡೆ 3 ಬಿದ್ದಿತ್ತು. ಅಲ್ಲೇ ಹೇಳಿದ್ದಕ್ಕೆ ಎರಡು ನಿಮಿಷದಲ್ಲಿ ಸರಿಯಾಯಿತು. ಪರವಾನಗಿ ಎಂದಿನವರೆಗೆ ಅನ್ನುವುದನ್ನೂ ನೋಡಿಕೊಳ್ಳಿ. ಶುಲ್ಕ ಏನೇ ಇದ್ದರೂ ರಸೀದಿಗೆ ಮಾತ್ರ ಕೊಡಿ. ಯಾರಾದರೂ "ಚಾಯ್" ಅಂತ ನಕ್ಕರೆ ಅದು ಕುಡಿಯುವ ಟೀ ಅಲ್ಲ, ನಮ್ಮಲ್ಲಿ "ಕಾಫಿ ತಿಂಡಿಗೆ ಏನಾದ್ರೂ" ಅನ್ನುತ್ತಾರಲ್ಲ, ಅದೇ. ನೀವೂ ನಕ್ಕು "ರಸೀದಿ?" ಅನ್ನಿ. ಸ್ವಾಹಿಲಿಯಲ್ಲೂ ರಸೀದಿಗೆ ರಿಸಿಟಿ ಅಂತಲೇ ಅನ್ನುವುದು.

ಭಾಷೆಯ ಮಾತು ಬಂತಲ್ಲ, ಸ್ವಲ್ಪ ನಿಲ್ಲುತ್ತೇನೆ. ನೈರೋಬಿಯಲ್ಲಿ ಇಂಗ್ಲಿಷಿನಲ್ಲೇ ದಿನ ದೂಡಬಹುದು. ಗಡಿ ದಾಟಿದ ಮೇಲೆ ಸ್ವಾಹಿಲಿಯೇ ರಾಜ. ಹೆದರಬೇಡಿ, ಅರ್ಧ ನಿಮಗೆ ಗೊತ್ತಿದೆ. ಗಾಡಿಗೆ ಗಾರಿ, ವಿಮೆಗೆ ಬಿಮಾ, ಚಪಾತಿಗೆ ಚಪಾತಿ. ಅಧಿಕಾರಿಯ ಮುಂದೆ ಹೋಗಿ ನೇರವಾಗಿ ಕಾಗದ ಚಾಚಬೇಡಿ. ಅದು ಅಲ್ಲಿ ಒರಟುತನ. ಮೊದಲು "ಹಬಾರಿ ಜಾ ಅಸುಬುಹಿ", ಬೆಳಗಿನ ಕ್ಷೇಮ ಸಮಾಚಾರ. ವಯಸ್ಸಾದವರಾದರೆ "ಶಿಕಮೂ" ಅನ್ನಿ, ಹಿರಿಯರಿಗೆ ನಮಸ್ಕಾರ ಮಾಡಿದ ಹಾಗೆ. "ಮರಹಬಾ" ಅಂತ ಉತ್ತರ ಬರುತ್ತದೆ, ಮುಖ ಅರಳುತ್ತದೆ. ಇನ್ನೊಂದು: ಯಾರಾದರೂ "ಸಾ ಸಬಾ"ಕ್ಕೆ ಬನ್ನಿ ಅಂದರೆ ಸಬಾ ಅಂದರೆ ಏಳು ಅಂತ ಏಳು ಗಂಟೆಗೆ ಹೋಗಬೇಡಿ. ಸ್ವಾಹಿಲಿ ಗಂಟೆ ಸೂರ್ಯ ಹುಟ್ಟಿದ ಮೇಲೆ ಶುರುವಾಗುತ್ತದೆ. ಬೆಳಿಗ್ಗೆ ಏಳು ಅವರಿಗೆ ಒಂದು ಗಂಟೆ. ಅವರ ಏಳು ನಮ್ಮ ಮಧ್ಯಾಹ್ನದ ಒಂದು.

ತಿಂಡಿ ಕಟ್ಟುವವರಿಗೆ ಒಂದು ಎಚ್ಚರಿಕೆ. ಪ್ಲಾಸ್ಟಿಕ್ ಕವರು ಕೀನ್ಯಾದಲ್ಲಿ 2017ರ ಆಗಸ್ಟಿನಿಂದ, ಟಾಂಜಾನಿಯಾದಲ್ಲಿ 2019ರ ಜೂನಿನಿಂದ ನಿಷೇಧ. ನಮ್ಮತ್ತೆ ಹಾಸನದಿಂದ ಬಂದಾಗ ಚಟ್ನಿಪುಡಿಗೆ ಒಂದು ಕವರು, ಅದರ ಮೇಲೊಂದು ಕವರು, ಅದಕ್ಕೊಂದು ರಬ್ಬರ್ ಬ್ಯಾಂಡು. ಗಡಿಗೆ ಹೊರಡುವ ಹಿಂದಿನ ರಾತ್ರಿ ಕೂತು ಎಲ್ಲವನ್ನೂ ಸ್ಟೀಲ್ ಡಬ್ಬಿಗೆ ಸುರಿದೆವು. ಸೀಟಿನ ಕೆಳಗೆ, ಡಿಕ್ಕಿಯಲ್ಲಿ ಮರೆತುಹೋದ ಹಳೇ ಕವರುಗಳನ್ನೂ ಹುಡುಕಿ ತೆಗೆಯಿರಿ. ಡಿಕ್ಕಿ ತೆಗೆದಾಗಲೇ ಎರಡು ಎಚ್ಚರಿಕೆ ತ್ರಿಕೋನ, ಬೆಂಕಿ ಆರಿಸುವ ಸಿಲಿಂಡರು, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಇವೆಯಾ ನೋಡಿ. ಆ ಕಡೆ ಪೊಲೀಸರು ಕೇಳುತ್ತಾರೆ.

ಅವರ ಟ್ರಾಫಿಕ್ ಪೊಲೀಸರು ಬಿಳಿ ಯೂನಿಫಾರ್ಮಿನವರು, ಕೈಯಲ್ಲಿ ಸ್ಪೀಡ್ ಗನ್. ಊರು ಶುರುವಾದ ಕಡೆ 50 ಅಂತ ಬೋರ್ಡಿರುತ್ತದೆ. 50ಕ್ಕೆ ಗೀಟು ಹಾಕಿದ ಬೋರ್ಡು ಕಾಣುವವರೆಗೆ ಅದೇ ಮಿತಿ, ರಸ್ತೆ ಎಷ್ಟೇ ಖಾಲಿ ಇರಲಿ. ಲೊಂಗಿಡೋ ಹತ್ತಿರ ಮೈದಾನ ತೆರೆದುಕೊಂಡು, ಎಡಗಡೆ ಮೋಡ ಇಲ್ಲದಿದ್ದರೆ ಕಿಲಿಮಂಜಾರೋ ಕಾಣುತ್ತದೆ. ಯಜಮಾನರು ಬೆಟ್ಟ ನೋಡುತ್ತಾ 64ರಲ್ಲಿ ಹೋದರು. ದಂಡ 30,000 ಶಿಲಿಂಗ್, ಅದಕ್ಕೂ ರಸೀದಿ. ಕತ್ತಲಾದ ಮೇಲೆ ಮಾತ್ರ ಈ ರಸ್ತೆಯಲ್ಲಿ ಓಡಿಸಬೇಡಿ. ಮಸಾಯಿಗಳ ದನದ ಹಿಂಡು, ಲೈಟಿಲ್ಲದ ಲಾರಿ, ಒಮ್ಮೊಮ್ಮೆ ಜಿರಾಫೆ, ಎಲ್ಲ ರಸ್ತೆಗೇ ಬರುತ್ತವೆ.

ಮ್ಯಾಪು ನೋಡಿ ಹಲವರು ಇನ್ನೊಂದು ಕೇಳುತ್ತಾರೆ: ಕೀನ್ಯಾದ ಮಸಾಯಿ ಮಾರಾ ಕಾಡಿನಿಂದ ಟಾಂಜಾನಿಯಾದ ಸೆರೆಂಗೆಟಿಗೆ ನೇರವಾಗಿ ದಾಟಬಹುದಲ್ಲ? ವೈಲ್ಡ್‌ಬೀಸ್ಟ್ ದಾಟುತ್ತದೆ, ನಾವು ದಾಟುವ ಹಾಗಿಲ್ಲ. ಪ್ರವಾಸಿಗರಿಗೆ ಅಲ್ಲಿ ದಾರಿ ಇಲ್ಲ. ಆ ಕಡೆಯಿಂದ ಹೋಗಲೇಬೇಕು ಅಂದರೆ ಇಸೆಬಾನಿಯಾ ಗಡಿಗೆ ಸುತ್ತಬೇಕು. ಮೋಶಿಗೆ ಹೋಗುವವರಿಗೆ ಟವೇಟಾ ಗಡಿ, ಮೊಂಬಾಸಾದಿಂದ ಟಾಂಗಾಕ್ಕೆ ಹೋಗುವವರಿಗೆ ಲುಂಗಾ ಲುಂಗಾ ಗಡಿ. ಅರೂಷಾ ತಲುಪಿದ ಮೇಲೆ ಕೂಡ ಸಫಾರಿಗೆ ನಿಮ್ಮ ಗಾಡಿ ಬೇಡ ಅನ್ನುವುದು ನನ್ನ ಸಲಹೆ. ಹೊರದೇಶದ ನಂಬರಿನ ಗಾಡಿಗೆ ಪಾರ್ಕುಗಳಲ್ಲಿ ಡಾಲರ್ ಲೆಕ್ಕದಲ್ಲಿ ಶುಲ್ಕ, ಅಲ್ಲಿನ ಗಾಡಿಗಿಂತ ತುಂಬಾ ಜಾಸ್ತಿ. ಹೋಟೆಲಿನಲ್ಲಿ ನಿಲ್ಲಿಸಿ, ಅಲ್ಲಿನ ಜೀಪು ಮಾಡಿಕೊಳ್ಳಿ.

ಬರುವಾಗ ಎಲ್ಲರಿಗೂ ಮನೆ ಸೇರುವ ಅವಸರ. ಪಾಸ್‌ಪೋರ್ಟಿಗೆ ಠಸ್ಸೆ ಹಾಕಿಸಿಕೊಂಡು ನೇರ ಗಾಡಿ ಹತ್ತಿಬಿಡುತ್ತಾರೆ. ನಮ್ಮ ಪರಿಚಯದ ಹುಡುಗನೊಬ್ಬ ಹೀಗೇ ಬಂದ. ಮುಂದಿನ ವರ್ಷ ಅದೇ ಗಾಡಿಯಲ್ಲಿ ಹೋದಾಗ ಕಂಪ್ಯೂಟರಿನ ಪ್ರಕಾರ ಅವನ ಗಾಡಿ ಇನ್ನೂ ಟಾಂಜಾನಿಯಾದಲ್ಲೇ ಇತ್ತು, ಪರವಾನಗಿ ಮುಗಿದು ಹನ್ನೊಂದು ತಿಂಗಳಾಗಿತ್ತು. ಗಾಡಿ ಪಾರ್ಕಿಂಗಿನಲ್ಲಿ ಎದುರಿಗೇ ನಿಂತಿದೆ, ಆದರೂ ಅದು ಹೊರಗೆ ಬಂದೇ ಇಲ್ಲ ಅಂತ ದಾಖಲೆ! ಬಿಡಿಸಿಕೊಳ್ಳುವಷ್ಟರಲ್ಲಿ ಇಡೀ ದಿನ ಹೋಯಿತು. ಹೋಗುವಾಗ ಕೊಟ್ಟ ಹಾಳೆಯನ್ನು ಕಸ್ಟಮ್ಸ್ ಕೌಂಟರಿಗೆ ಕೊಟ್ಟು ಮುಕ್ತಾಯ ಮಾಡಿಸಿ, ಅದರ ಫೋಟೋ ಒಂದು ಫೋನಿನಲ್ಲಿಟ್ಟುಕೊಳ್ಳಿ. ಫೋಟೋ ತೆಗೆಯುವುದು ಗಾಡಿಯೊಳಗೆ ಕೂತ ಮೇಲೆ, ಹಾಳೆಯದ್ದು ಮಾತ್ರ. ಗಡಿಯ ಕಟ್ಟಡಕ್ಕೋ ಅಧಿಕಾರಿಗಳಿಗೋ ಕ್ಯಾಮೆರಾ ಹಿಡಿದರೆ ಮತ್ತೆ ಒಳಗೆ ಕರೆಯುತ್ತಾರೆ.

ಭಾನುವಾರ ಬರುವವರು ಮಧ್ಯಾಹ್ನ ಹನ್ನೆರಡರೊಳಗೆ ನಮಂಗಾ ಬಿಟ್ಟುಬಿಡಿ. ಸಂಜೆ ಕಿಟೆಂಗೆಲಾದಲ್ಲಿ ಮತ್ತೆ ಅದೇ ಕಥೆ.