ಅದಿರಿನ ಧೂಳಿನ ಊರಿನಲ್ಲಿ ಕಾರಿಗೆ ಮಷಿನ್ ಪಾಲಿಶ್: ಹೊಸಬರಿಗೆ

ಬಳ್ಳಾರಿ, ತೋರಣಗಲ್ಲು, ಸಂಡೂರಿನ ರಸ್ತೆಗಳಲ್ಲಿ ಓಡಾಡುವ ಕಾರಿನ ಮೇಲೆ ಕೂರುವ ಕೆಂಪು ಧೂಳಿನಲ್ಲಿ ಕಬ್ಬಿಣದ ಅದಿರಿನ ಗಟ್ಟಿ ಕಣಗಳಿರುತ್ತವೆ. ಅವು ಪಾಲಿಶ್ ಯಂತ್ರದ ಉಜ್ಜುವ ಮೆತ್ತೆಯಾದ ಪ್ಯಾಡಿನಡಿ ಸಿಕ್ಕಿಕೊಂಡರೆ ಹೊಳಪಿನ ಬದಲು ಹೊಸ ಗೀರುಗಳೇ ಮೂಡುತ್ತವೆ. ಆದ್ದರಿಂದ ಮೊದಲು ಧಾರಾಳವಾಗಿ ನೀರು ಹಾಯಿಸಿ, ಶಾಂಪೂವಿನಿಂದ ತೊಳೆದು, ಬಳಿಕ ಶಾಂಪೂ ನೀರು ಚಿಮುಕಿಸುತ್ತಾ ಅಂಟಿದ ಕಣಗಳನ್ನು ಎತ್ತುವ ಜೇಡಿಯಂಥ ಮುದ್ದೆಯಾದ ಕ್ಲೇ ಬಾರನ್ನು ಮೆಲ್ಲಗೆ ಆಡಿಸಿ, ಬೆರಳಿಗೆ ತರಿತರಿ ತಾಗದಂತಾಗುವವರೆಗೆ ಶುಚಿಗೊಳಿಸಬೇಕು. ಈ ಹಂತದಲ್ಲಿ ಅವಸರ ಸಲ್ಲದು.

ಹೊಸಬರಿಗೆ, ಪ್ಯಾಡನ್ನು ತಿರುಗಿಸುತ್ತಲೇ ಅತ್ತಿತ್ತ ಓಲಾಡಿಸುವ ಡ್ಯುಯಲ್ ಆಕ್ಷನ್ ಪಾಲಿಶರ್ ಲೇಸು. ಪ್ಯಾಡನ್ನು ಬರೀ ಸುತ್ತಿಸುವ ರೋಟರಿ ಯಂತ್ರವು ಒಂದೇ ಕಡೆ ನಿಂತರೆ ಬಣ್ಣವನ್ನು ಬೇಗ ಕಾಯಿಸಿ ಸುಡುತ್ತದೆ. ಬಣ್ಣವನ್ನು ರಕ್ಷಿಸುವ ಪಾರದರ್ಶಕ ಪದರವಾದ ಕ್ಲಿಯರ್ ಕೋಟ್ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್‌ನಷ್ಟೇ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ದಪ್ಪವಿದ್ದು, ಅದು ಪೂರ್ತಿ ಸವೆದರೆ ಮತ್ತೆ ಪೇಂಟ್ ಮಾಡಿಸದೆ ಗತಿಯಿಲ್ಲ. ಅಂಚುಗಳಲ್ಲಿ ಅದು ಇನ್ನೂ ತೆಳುವಾದ್ದರಿಂದ ಅಲ್ಲಿಗೂ ಕಿಟಕಿ ಅಂಚಿನ ರಬ್ಬರ್ ಪಟ್ಟಿಗೂ (ಬೀಡಿಂಗ್) ಮಾಸ್ಕಿಂಗ್ ಟೇಪ್ ಅಂಟಿಸಬೇಕು.

ನಮ್ಮ ಬೇಸಿಗೆಯಲ್ಲಿ ಬಾನೆಟ್ ಮುಟ್ಟಲಾಗದಷ್ಟು ಕಾಯುವುದರಿಂದ, ಮುಂಜಾನೆ ನೆರಳಿನಲ್ಲಿ, ಗಾಳಿಗೆ ಧೂಳು ಬಾರದ ಕಡೆ ಕೆಲಸ ಹಿಡಿಯಬೇಕು. ಮೃದುವಾದ ಫೋಮ್ ಪ್ಯಾಡಿಗೆ ಕಡಲೆಕಾಳಿನ ಗಾತ್ರದ ಮೂರು ನಾಲ್ಕು ಹನಿ ಪಾಲಿಶ್ ಹಾಕಿ, ಪ್ಯಾಡನ್ನು ಬಣ್ಣಕ್ಕೆ ಒತ್ತಿದ ಮೇಲೆಯೇ ಸ್ವಿಚ್ ಹಾಕಬೇಕು. ಎತ್ತುವ ಮುನ್ನ ಯಂತ್ರವನ್ನು ಆಫ್ ಮಾಡಬೇಕು. ಮೊದಲು ಒಂದೂವರೆ ಅಡಿ ಚೌಕದಲ್ಲಿ ಪರೀಕ್ಷಿಸಿ, ಪ್ಯಾಡನ್ನು ಸಮತಟ್ಟಾಗಿ ಹಿಡಿದು ನಿಧಾನವಾಗಿ ಅಡ್ಡಡ್ಡ, ಉದ್ದುದ್ದ ಸಾಗಿಸಬೇಕು. ವೈರನ್ನು ಹೆಗಲ ಮೇಲೆ ಹಾಕಿಕೊಳ್ಳಬೇಕು, ಕನ್ನಡಕ ಧರಿಸಬೇಕು. ಲೋಹ ಬಿಸಿಯಾದರೆ ನಿಲ್ಲಿಸಿ, ತಣಿದ ಮೇಲೆ ಮುಂದುವರಿಯಬೇಕು. ನೆಲಕ್ಕೆ ಬಿದ್ದ ಪ್ಯಾಡನ್ನು ತೊಳೆಯದೆ ಮತ್ತೆ ಬಳಸಲೇಬಾರದು.